ಅವ್ವನ ಮೆಣಸಿನಕಾಯಿ, ನಮ್ಮ ಆರು ಮಿಲಿಮೀಟರ್

ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನ ಫ್ರೇಮ್ ಮೇಲೆ ಅವ್ವ ಈಗ ನೀರಿನ ಬ್ಯಾರಲ್ ಇಟ್ಟಿದ್ದಾಳೆ. ಇನ್ನೂರು ಲೀಟರ್ ತುಂಬಿದರೂ ಅಲುಗಾಡುವುದಿಲ್ಲ. ಅಷ್ಟು ಗಟ್ಟಿಯಾಗಲು ಅದನ್ನು ಮೂರು ಸಲ ವೆಲ್ಡ್ ಮಾಡಬೇಕಾಯಿತು, ಆ ಕಥೆ ಬೇರೆ.

ನಮ್ಮೂರು ಬ್ಯಾಡಗಿ ಹತ್ತಿರ. ಸುಗ್ಗಿ ಶುರುವಾದರೆ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸೋಮವಾರ, ಗುರುವಾರ ಮಾರುಕಟ್ಟೆಯಂದು ಊರಿಡೀ ಸೀನು. ಹುಬ್ಬಳ್ಳಿಯಲ್ಲಿ ಏಳನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಆರಿಸಿ ಅಂದಾಗ, ತೊಟ್ಟು ಬಿಡಿಸುವ ಯಂತ್ರ ಮಾಡೋಣ ಅಂದೆ. ತಂಡದಲ್ಲಿ ನಾಲ್ಕು ಜನ, ಹುಡುಗಿ ನಾನೊಬ್ಬಳೇ.

ಕೆಲಸ ಹಂಚಿಕೊಂಡೆವು. ಒಬ್ಬನಿಗೆ ಫ್ರೇಮ್, ನನಗೆ ಕಾಯಿ ಉರುಳುವ ಡ್ರಮ್ಮು, ಇನ್ನೊಬ್ಬನಿಗೆ ಮೋಟಾರು-ಬೆಲ್ಟು, ನಾಲ್ಕನೆಯವನಿಗೆ ರಿಪೋರ್ಟು. (ಅವನನ್ನು ವರ್ಕ್‌ಶಾಪಿನಲ್ಲಿ ನೋಡಿದ್ದು ಎರಡೇ ಸಲ. ಮಾರ್ಕ್ಸ್ ಮಾತ್ರ ನಾಲ್ವರಿಗೂ ಒಂದೇ.) ಆಗ ಇದು ಬಹಳ ಶಿಸ್ತಿನ ಕೆಲಸ ಅನ್ನಿಸಿತ್ತು. ಕಂಪ್ಯೂಟರಿನಲ್ಲಿ ಎಲ್ಲರ ಚಿತ್ರವೂ ಚೆನ್ನಾಗಿತ್ತು, ಬೇರೆ ಬೇರೆ ಫೈಲಿನಲ್ಲಿ. ಎಲ್ಲವನ್ನೂ ಜೋಡಿಸಿದ ಚಿತ್ರ ಮಾತ್ರ ಯಾರೂ ಬಿಡಿಸಲಿಲ್ಲ.

ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಜೋಡಿಸಲು ಹೋದರೆ ಡ್ರಮ್ಮು ಫ್ರೇಮಿನೊಳಗೆ ಕೂರಲೇ ಇಲ್ಲ. ಆರು ಮಿಲಿಮೀಟರ್ ಉದ್ದ ಜಾಸ್ತಿ. ಡ್ರಮ್ಮಿನ ಎರಡೂ ತುದಿಗೆ ಮೂರು ಮಿಲಿಮೀಟರ್ ತಗಡು ಇದೆಯಲ್ಲ, ನಾನು ಒಳಗಿನ ಅಳತೆ ಕೊಟ್ಟಿದ್ದೆ, ಫ್ರೇಮ್ ಮಾಡಿದವನು ಅದನ್ನು ಹೊರಗಿನದು ಅಂದುಕೊಂಡಿದ್ದ. ಮೇಸ್ತ್ರಿ ಕಾಕಾ ಸುಮ್ನೆ ನೋಡಿ, "ತಂಗೀ, ಇದನ್ನ ಅಳದು ಮಾಡೀರೋ, ಕೇಳಿ ಮಾಡೀರೋ?" ಅಂದರು.

ಒಂದು ಕಡೆಯ ಕಂಬ ಕತ್ತರಿಸಿ, ಸರಿಸಿ, ಮತ್ತೆ ವೆಲ್ಡ್ ಮಾಡಿದೆವು. ಅವಸರದಲ್ಲಿ ಒಂದೇ ಮಗ್ಗುಲಿಗೆ ಉದ್ದಕ್ಕೂ ಎಳೆದುಬಿಟ್ಟೆವು. ಬಿಸಿಗೆ ಕಬ್ಬಿಣದ ಆಂಗಲ್ ಪಟ್ಟಿ ಎಳೆದುಕೊಂಡು ಫ್ರೇಮ್ ಸೊಟ್ಟಗಾಯಿತು. ಕಾಕಾ ಅದನ್ನೆಲ್ಲ ಬಿಡಿಸಿ ಮೊದಲು ನಾಲ್ಕೂ ಮೂಲೆಗೆ ಚಿಕ್ಕ ಟ್ಯಾಕ್ (ಸದ್ಯಕ್ಕೆ ಹಿಡಿದಿಡುವ ವೆಲ್ಡ್ ಚುಕ್ಕೆ) ಹಾಕಿಸಿದರು. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಸಿದರು. ಎರಡೂ ಅಳತೆ ಒಂದೇ ಬಂದ ಮೇಲೆ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ತುಂಡು ತುಂಡಾಗಿ ವೆಲ್ಡಿಂಗ್. ನಾಲ್ಕು ವರ್ಷದಲ್ಲಿ ನನಗೆ ಚೆನ್ನಾಗಿ ನೆನಪಿರುವ ಕ್ಲಾಸು ಅದೇ.

ಸರಿ, ಸ್ವಿಚ್ ಒತ್ತಿದೆವು. ಮೋಟಾರು 1440 ಆರ್‌ಪಿಎಂ, ಪುಲ್ಲಿ ಎರಡು ಇಂಚು ಮತ್ತು ಹನ್ನೆರಡು ಇಂಚು. ಅಂದರೆ ಡ್ರಮ್ಮು ನಿಮಿಷಕ್ಕೆ 240 ಸುತ್ತು. ಮೆಣಸಿನಕಾಯಿ ಉರುಳಲೇ ಇಲ್ಲ, ಗೋಡೆಗೆ ಅಂಟಿಕೊಂಡು ಗಿರಗಿರ ತಿರುಗಿದವು. ಉರುಳಿದರೆ ತಾನೇ ತೊಟ್ಟು ಡ್ರಮ್ಮಿನ ಸೀಳಿನಿಂದ ಹೊರಗೆ ಇಣುಕಿ ಬ್ಲೇಡಿಗೆ ಸಿಗುವುದು? ಆಮೇಲೆ ಲೆಕ್ಕ ಹಾಕಿದರೆ, 400 ಮಿಲಿಮೀಟರ್ ವ್ಯಾಸದ ಡ್ರಮ್ಮಿನಲ್ಲಿ 67 ಸುತ್ತು ದಾಟಿದರೆ ಒಳಗಿನದು ಕೆಳಗೆ ಬೀಳುವುದೇ ಇಲ್ಲ. ಅಂಥದೇ ಇನ್ನೊಂದು ಜೊತೆ ಪುಲ್ಲಿ ಹಾಕಿ 40ಕ್ಕೆ ಇಳಿಸಿದೆವು. ಕಾಯಿ ಉರುಳಿತು, ತೊಟ್ಟು ಉದುರಿತು. ನಾವು ಕುಣಿದಾಡಿದೆವು.

ವೈವಾ ಮಧ್ಯಾಹ್ನ ಎರಡಕ್ಕೆ. ಏಪ್ರಿಲ್ ಬಿಸಿಲು. ಬೆಳಿಗ್ಗೆ ಚೆನ್ನಾಗಿ ಓಡಿದ್ದ ಯಂತ್ರ ಎಕ್ಸಾಮಿನರ್ ಎದುರಿಗೆ ಕಾಯಿಯನ್ನೇ ಪುಡಿ ಮಾಡಿತು. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಎಲ್ಲರೂ ಸೀನುತ್ತಾ ಹೊರಗೆ ಓಡಿದರು.

ರಾತ್ರಿ ಫೋನಿನಲ್ಲಿ ಹೇಳಿದರೆ ಅವ್ವ ನಕ್ಕಳು. "ಬಿಸಲಾಗ ಒಣಗಿದ ಕಾಯಿ ಮುಟ್ಟಿದ್ರ ಒಡೀತೈತಿ. ಅದಕ್ಕ ನಾವು ಮುಂಜಾನೆ ತಂಪಿನ್ಯಾಗ ಕುಂದರತೀವಿ. ನೀ ನನ್ನ ಕೇಳಲೇ ಇಲ್ಲಲ್ಲ?"

ಮೋಟಾರು ಕಾಲೇಜಿಗೆ ವಾಪಸ್ ಹೋಯಿತು. ಡ್ರಮ್ಮು ಗುಜರಿಗೆ ಹೋಯಿತು. ಫ್ರೇಮ್ ಮಾತ್ರ ಟೆಂಪೋದಲ್ಲಿ ಊರಿಗೆ ಬಂತು. ಫ್ರೇಮ್ ಮಾಡಿದವನು ಈಗ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ದಿನಾ ಅಳೆಯುವುದೇ ಅವನ ಕೆಲಸವಂತೆ.