ನಮ್ಮ ಮತಯಂತ್ರದ ಆಟದಲ್ಲಿ ಗುಟ್ಟು ರಟ್ಟಾದ ದಿನ

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಚುನಾವಣೆಯ ಪಾಠವನ್ನು ಮಕ್ಕಳು ಬಾಯಿಪಾಠ ಮಾಡಿಬಿಡುತ್ತಿದ್ದರು. ವಿಧಾನಸಭೆಗೆ 224 ಸ್ಥಾನ, ಮತ ಹಾಕಲು 18 ವರ್ಷ. ಅಲ್ಲಿಗೆ ಮುಗೀತು. ಇಷ್ಟೇ ಸಾಲದು ಅನ್ನಿಸಿ ಕಂಪ್ಯೂಟರ್ ಆಟದ ದಾರಿ ಹಿಡಿದೆ.

ಮೊದಲು ಆಡಿಸಿದ್ದು ಅಮೆರಿಕದ ಐಸಿವಿಕ್ಸ್ ಸಂಸ್ಥೆಯ 'ವಿನ್ ದಿ ವೈಟ್ ಹೌಸ್'. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಸಾಂಡ್ರಾ ಡೇ ಓಕಾನರ್ ನಿವೃತ್ತಿಯ ನಂತರ 2009ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಅಧ್ಯಕ್ಷ ಸ್ಥಾನಕ್ಕೆ ನಿಂತು, ರಾಜ್ಯ ರಾಜ್ಯ ಸುತ್ತಿ, ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ಮತಗಳಲ್ಲಿ 270 ಗಳಿಸಬೇಕು. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿಕೊಟ್ಟೆ. ಮಕ್ಕಳು ಊಟದ ಗಂಟೆ ಹೊಡೆದರೂ ಏಳಲಿಲ್ಲ. ಆದರೆ ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಹಲವರು 'ಜಾಸ್ತಿ ರಾಜ್ಯ ಗೆದ್ದವರು ಪ್ರಧಾನಿ ಆಗುತ್ತಾರೆ' ಎಂದು ಬರೆದಿದ್ದರು! ತಪ್ಪು ನನ್ನದೇ. ನಾವು ಆರಿಸುವುದು ನಮ್ಮ ಕ್ಷೇತ್ರದ ಸಂಸದರನ್ನು ಅಂತ ಆಟಕ್ಕೆ ಮೊದಲೇ ಹೇಳಬೇಕಿತ್ತು. ಇನ್ನೊಂದು ಮಾತೂ ಆಗಲೇ ಹೊಳೆಯಿತು. ಅಭ್ಯರ್ಥಿಯ ಜಾಗದಲ್ಲಿ ಕೂತ ಮಗುವಿಗೆ ಗೆಲುವಿನ ಮೇಲೇ ಕಣ್ಣು. ಮತಗಟ್ಟೆಯಲ್ಲಿ ಏನು ನಡೆಯುತ್ತದೆ ಅನ್ನುವುದು ಅದಕ್ಕೆ ಕಾಣುವುದೇ ಇಲ್ಲ.

ಹಾಗಾಗಿ ಒಂಬತ್ತನೇ ತರಗತಿಯ ನಾಲ್ವರನ್ನು ಕೂಡಿಸಿಕೊಂಡು, ಮಕ್ಕಳೂ ಸುಲಭವಾಗಿ ಪ್ರೋಗ್ರಾಂ ಮಾಡಬಹುದಾದ ಸ್ಕ್ರಾಚ್‌ನಲ್ಲಿ ನಮ್ಮದೇ ಆಟ ಮಾಡಿದೆವು. ಆಡುವವರು ಇಲ್ಲಿ ಮತಗಟ್ಟೆ ಅಧಿಕಾರಿ. ಚಿಹ್ನೆಗಳನ್ನು ಮಕ್ಕಳೇ ಬರೆದರು: ಭತ್ತದ ತೆನೆ, ಎತ್ತಿನ ಬಂಡಿ, ಕಿನ್ನಾಳದ ಗೊಂಬೆ. ಕೊನೆಗೆ ನೋಟಾ, ಅಂದರೆ 'ಇವರಲ್ಲಿ ಯಾರೂ ಬೇಡ'. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಗುಂಡಿ ಅದು, ಬಿಡುವಂತಿಲ್ಲ ಅಂತ ಒಬ್ಬ ಹಟ ಹಿಡಿದ. ಗುಂಡಿ ಒತ್ತಿದರೆ, ಮತ ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಸರಿಯಾಗಿ 7 ಸೆಕೆಂಡ್ ಕಾಣಬೇಕು, ಆಮೇಲೆ ಬೀಪ್. ನಿಜವಾದ ಯಂತ್ರದಲ್ಲೂ ಚೀಟಿ ಅಷ್ಟೇ ಹೊತ್ತು ಕಾಣುತ್ತದೆ.

ಎಣಿಕೆಗೆ ಸುಲಭ ಅಂತ ನಾನು ಒಂದು ಪಟ್ಟಿ ಸೇರಿಸಿದ್ದೆ. ಯಾರು ಬಂದರು, ಯಾವ ಗುಂಡಿ ಒತ್ತಿದರು, ಎರಡೂ ಒಂದೇ ಸಾಲಿನಲ್ಲಿ. ಪರದೆ ಮೇಲೆ ಕಾಣದಂತೆ ಅದನ್ನು ಮುಚ್ಚಿಟ್ಟಿದ್ದೆ. ಮೊದಲ ದಿನವೇ ಒಬ್ಬ ಹುಡುಗಿ ಸುಮ್ನೆ ಏನೋ ಒತ್ತಿದಳು, ಪಟ್ಟಿ ತೆರೆದುಕೊಂಡಿತು.

"ಸರ್, ಯಾರು ಯಾರಿಗೆ ಹಾಕ್ಯಾರ ಅಂತ ಎಲ್ಲಾ ಇಲ್ಲೇ ಕಾಣಾಕತ್ತೈತ್ರಿ!"

ಎಲ್ಲರೂ ಮುಗಿಬಿದ್ದು ಓದಿದರು. ಒಬ್ಬ ಹುಡುಗ ಅಭ್ಯರ್ಥಿಯಾಗಿದ್ದ ತನ್ನ ಜೀವದ ಗೆಳೆಯನಿಗೇ ಮತ ಹಾಕಿರಲಿಲ್ಲ. ಇಬ್ಬರೂ ಮೂರು ದಿನ ಒಂದೇ ಬೆಂಚಿನಲ್ಲಿ ಕೂರಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ಮರುದಿನ ಪಾಠದ ಪುಸ್ತಕ ತೆಗೆಯಲೇ ಇಲ್ಲ. 2023ರ ಮೇ 10ರಂದು ವಿಧಾನಸಭೆ ಚುನಾವಣೆಯ ಕೆಲಸಕ್ಕೆ ಹೋಗಿದ್ದೆನಲ್ಲ, ಅದನ್ನೇ ಹೇಳಿದೆ. ಬೆಳಿಗ್ಗೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಎಣಿಸಿ ತೋರಿಸಿ, ಅಳಿಸುತ್ತೇವೆ. 17ಎ ರಿಜಿಸ್ಟರಿನಲ್ಲಿ ಮತದಾರರ ಕ್ರಮಸಂಖ್ಯೆ, ಸಹಿ ಅಥವಾ ಹೆಬ್ಬೆಟ್ಟು ಇರುತ್ತದೆ. ಯಾರಿಗೆ ಮತ ಅನ್ನುವುದು ಅಲ್ಲಿ ಇರುವುದಿಲ್ಲ. ಯಂತ್ರದಲ್ಲಿ ಮತ ಇರುತ್ತದೆ, ಮತದಾರರ ಹೆಸರು ಇರುವುದಿಲ್ಲ. ಎರಡನ್ನೂ ಒಂದೇ ಕಡೆ ಬರೆದಿದ್ದೇ ನಾನು ಮಾಡಿದ ತಪ್ಪು. "ಊರಾಗಿನ ಗೌಡ್ರಿಗೆ, ಸಾಲ ಕೊಟ್ಟೋರಿಗೆ ಇದು ಗೊತ್ತಾದ್ರ ಏನಾಕ್ಕೈತ್ರಿ?" ಅಂತ ಆ ಹುಡುಗಿಯೇ ಕೇಳಿದಳು. ತರಗತಿ ಗಪ್‌ಚಿಪ್.

ಪಟ್ಟಿಯನ್ನು ಮಕ್ಕಳೇ ಒಡೆದು ಎರಡು ಮಾಡಿದರು. ಒಂದರಲ್ಲಿ ಬಂದವರ ಹೆಸರು, ಇನ್ನೊಂದರಲ್ಲಿ ಚಿಹ್ನೆಗಳ ಎಣಿಕೆ ಮಾತ್ರ. ಕೊನೆಯಲ್ಲಿ ಎರಡರ ಮೊತ್ತ ತಾಳೆಯಾಗದಿದ್ದರೆ ಪರದೆ ಕೆಂಪಾಗಬೇಕು ಅಂತ ಅವರೇ ಸೇರಿಸಿದರು.

ಈ ವರ್ಷ ಶಾಲಾ ಸಂಸತ್ತಿನ ಚುನಾವಣೆಯನ್ನೂ ಅದರಲ್ಲೇ ನಡೆಸಿದೆವು. ಸಂಜೆ ನೋಡಿದರೆ ಪರದೆ ಕೆಂಪು. ರಿಜಿಸ್ಟರಿನಲ್ಲಿ 87, ಯಂತ್ರದಲ್ಲಿ 86. ಗೆದ್ದವನಿಗೆ ಹತ್ತಾರು ಮತಗಳ ಅಂತರ ಇತ್ತು, ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ. ಆದರೂ ಮಕ್ಕಳು ಫಲಿತಾಂಶ ಹೇಳಲು ಒಪ್ಪಲಿಲ್ಲ. ಸಹಿಗಳನ್ನು ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಎಂಟನೇ ತರಗತಿಯ ಒಬ್ಬ ಸಹಿ ಮಾಡಿ, ಊಟದ ಗಂಟೆ ಕೇಳಿ, ಗುಂಡಿ ಒತ್ತದೆ ಓಡಿದ್ದ. ಅವನ ಹೆಸರಿನ ಮುಂದೆ 'ಮತ ಹಾಕಲಿಲ್ಲ' ಎಂದು ಬರೆದು, ಅವನಿಂದ ಸಹಿ ಹಾಕಿಸಿಕೊಂಡ ಮೇಲೆಯೇ ಫಲಿತಾಂಶದ ಹಾಳೆಯನ್ನು ನನ್ನ ಕೈಗೆ ಕೊಟ್ಟರು.