ದೇವರನ್ನು ‘ತಂದೆ’ ಅಂತ ಹೇಗೆ ಕರೀತೀರಿ?

ಚಿಕ್ಕಮಗಳೂರಿನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿ ಬಹಳ ವರ್ಷವಾಯಿತು. ಆರಾಧನೆ ಮುಗಿದ ಮೇಲೆ, ಸ್ತ್ರೀಯರ ಕೂಟದಲ್ಲಿ, ಫೋನಿನಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಬರುತ್ತಲೇ ಇದೆ: “ಅಪ್ಪ ಅಂದರೆ ನನಗೆ ಹೆದರಿಕೆ ಬಿಟ್ಟು ಬೇರೇನೂ ನೆನಪಾಗಲ್ಲ. ದೇವರನ್ನ ತಂದೆ ಅಂತ ಹೇಗೆ ಕರೀಲಿ? ನೀವು ಹೇಗೆ ಕರೀತೀರಿ?” ನಮ್ಮಪ್ಪನನ್ನು ಬಲ್ಲವರು ಕೊನೆಯ ಮಾತನ್ನು ಒತ್ತಿ ಕೇಳುತ್ತಾರೆ.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸಂಜೆ ಲಾಟೀನು ಹಚ್ಚಿ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬಿಚ್ಚಿದರೆಂದರೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಆಳಿಗೊಂದು ಸಾಲು, ದಿನಕ್ಕೊಂದು ಚೌಕ. ಬಂದವರಿಗೆ ಗೀಟು, ಬಾರದವರಿಗೆ ಸೊನ್ನೆ. ಸೊನ್ನೆ ಹಾಕುವಾಗ ಪೆನ್ನನ್ನು ಎಷ್ಟು ಒತ್ತುತ್ತಿದ್ದರೆಂದರೆ ಹಾಳೆಯ ಹಿಂದೆ ಉಬ್ಬು ಮೂಡುತ್ತಿತ್ತು. ಅವರಿಲ್ಲದಾಗ ನಾನು ಬೆರಳಾಡಿಸಿ ನೋಡಿದ್ದೇನೆ. ಆಳುಗಳ ಲೆಕ್ಕ ಮುಗಿದ ಮೇಲೆ ನಮ್ಮ ಲೆಕ್ಕ. ಹಾಲು ಚೆಲ್ಲಿದ್ದು, ಮಗ್ಗಿ ತಪ್ಪಿದ್ದು, ಪ್ರಾರ್ಥನೆಯಲ್ಲಿ ತೂಕಡಿಸಿದ್ದು. ಕಾಫಿ ಗಿಡದ ಕಡ್ಡಿ ಬಾಗಿಲ ಮೂಲೆಯಲ್ಲಿ ಸಿದ್ಧವಾಗಿರುತ್ತಿತ್ತು. ಆಮೇಲೆ ಅದೇ ಬೆಳಕಿನಲ್ಲಿ ಸತ್ಯವೇದ, ಅಂದರೆ ಬೈಬಲ್. ಸತ್ತವರು ಸಿಂಹಾಸನದ ಮುಂದೆ ನಿಂತಾಗ ಪುಸ್ತಕಗಳನ್ನು ತೆರೆಯುವ ಪ್ರಕಟನೆಯ 20ನೇ ಅಧ್ಯಾಯವನ್ನು ಅವರು ಓದಿದ ರಾತ್ರಿ, ಅದು ಎಂಥ ಪುಸ್ತಕವೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗೆ ನನ್ನ ದೇವರು ರೈಟರ್ ಆದ. ಇಂದಿಗೂ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಮೊದಲು ಏಳುವ ಯೋಚನೆ, ಯಾವ ತಪ್ಪಿಗೆ ಸೊನ್ನೆ ಬಿತ್ತು ಎಂಬುದೇ. ಬುದ್ಧಿಗೆ ಗೊತ್ತಿರುವುದು ಹೊಟ್ಟೆಗೆ ತಿಳಿಯಲು ಎಷ್ಟು ಕಾಲ ಬೇಕೋ!

ಇದು ನನ್ನೊಬ್ಬಳ ಪಾಡಲ್ಲ. ಒಂದೇ ಒಂದು ಕಾಯಿ ಕದ್ದದ್ದಕ್ಕೆ ತಾಯಿ ರಕ್ತ ಬರುವಂತೆ ಹೊಡೆದದ್ದನ್ನು ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ದೊಡ್ಡವರಾದ ಮೇಲೂ ನೆನೆಯುತ್ತಿದ್ದರು; ದೇವರ ನೀತಿ ಎಂಬ ಮಾತೇ ಅವರಿಗೆ ಎಷ್ಟೋ ಕಾಲ ನಡುಕ ಹುಟ್ಟಿಸಿತ್ತು. ಮಗು ತನ್ನನ್ನು ಸಾಕುವವರ ಆಸರೆಯಿಂದಲೇ ಲೋಕವನ್ನು ನಂಬಲು ಕಲಿಯುತ್ತದೆ ಎಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ತೋರಿಸಿಕೊಟ್ಟರು. ಅದೇ ದಾರಿಯಲ್ಲಿ 1990ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಶೇವರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ದೇವರ ವಿಷಯವನ್ನೂ ಕೇಳಿದರು. ಕೆಲವರು ಮನೆಯಲ್ಲಿ ಕಂಡದ್ದನ್ನೇ ದೇವರಲ್ಲೂ ಕಾಣುತ್ತಾರೆ, ಇನ್ನು ಕೆಲವರು ಮನೆಯಲ್ಲಿ ಸಿಗದಿದ್ದನ್ನು ದೇವರಲ್ಲಿ ಹುಡುಕಿಕೊಂಡು ಹೋಗುತ್ತಾರೆ ಎಂಬ ಎರಡು ದಾರಿಗಳನ್ನು ಅವರು ಮುಂದಿಟ್ಟರು. ನಾನು ಎರಡರಲ್ಲೂ ನಡೆದಿದ್ದೇನೆ.

ಯಾಕೆಂದರೆ ಮನೆಯಲ್ಲಿ ಅಜ್ಜಿಯೂ ಇದ್ದಳು. ಆಷಾಢದ ಮಳೆಯಲ್ಲಿ ಶಾಲೆಯಿಂದ ಬರುವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅಜ್ಜಿ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟದ ಗೇಟಿನಲ್ಲಿ ನಿಂತಿರುತ್ತಿದ್ದಳು. ತಿರುವಿನಲ್ಲಿ ನಾನು ಕಂಡೆನೋ ಇಲ್ಲವೋ, ಆ ವಯಸ್ಸಿನಲ್ಲೂ ಇಂಬಳಗಳನ್ನು ಲೆಕ್ಕಿಸದೆ ಬರಿಗಾಲಲ್ಲಿ ಓಡಿಬಂದು ಕೊಪ್ಪೆಯೊಳಗೆ ಎಳೆದುಕೊಳ್ಳುತ್ತಿದ್ದಳು. ಒದ್ದೆ ಉಣ್ಣೆ, ಹೊಗೆ, ಎಲೆಯಡಿಕೆ ಮೂರೂ ಸೇರಿದ ವಾಸನೆ. ಕೊಪ್ಪೆಯೊಳಗೆ ಕತ್ತಲೆ, ಆದರೆ ಬೆಚ್ಚಗೆ. ಯಾಕೆ ತಡ ಅಂತ ಒಂದು ದಿನವೂ ಕೇಳಿದವಳಲ್ಲ. ಮುಂದೆ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ, ಮನೆಬಿಟ್ಟು ಹೋಗಿ ಮರಳುತ್ತಿದ್ದ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಕನಿಕರಪಟ್ಟು ಓಡಿಬಂದ ಎಂದು ಓದಿದಾಗ ನಾನು ಮೂಗಿಗೆ ತಂದುಕೊಂಡದ್ದು ಆ ಕಂಬಳಿಯ ವಾಸನೆಯನ್ನೇ. ಓಡುವ ಅಪ್ಪನನ್ನು ನಾನು ಕಂಡಿರಲಿಲ್ಲ, ಓಡುವ ಅಜ್ಜಿಯನ್ನು ಕಂಡಿದ್ದೆ.

ಪ್ರಶ್ನೆ ಕೇಳುವವರಿಗೆ ನಾನು ಮತ್ತಾಯ 7ನೇ ಅಧ್ಯಾಯ ತೆಗೆದು ತೋರಿಸುತ್ತೇನೆ. ಮಗ ರೊಟ್ಟಿ ಕೇಳಿದರೆ ಯಾರು ಕಲ್ಲು ಕೊಡುತ್ತಾರೆ ಎಂದು ಕೇಳಿದ ಯೇಸು, ದೇವರು ನಿಮ್ಮ ಅಪ್ಪನ ಹಾಗೆ ಎನ್ನುವುದಿಲ್ಲ. ಕೆಟ್ಟವರಾದ ನೀವೇ ಮಕ್ಕಳಿಗೆ ಒಳ್ಳೆಯದನ್ನು ಕೊಡಬಲ್ಲಿರಾದರೆ ಆತನು ಇನ್ನೆಷ್ಟೋ ಹೆಚ್ಚಾಗಿ ಕೊಡುವನು ಎನ್ನುತ್ತಾನೆ. ಆ ‘ಇನ್ನೆಷ್ಟೋ’ ನನ್ನನ್ನು ಉಳಿಸಿತು. ನಮ್ಮಪ್ಪನನ್ನು ಅಳತೆಗೋಲು ಮಾಡಿಕೊಂಡು ದೇವರನ್ನು ಅಳೆಯುತ್ತಿದ್ದವಳು ನಾನು. ಅಳೆಯಬೇಕಿದ್ದದ್ದು ಆ ಕಡೆಯಿಂದ.

ಅಪ್ಪ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಒಂದು ರಾತ್ರಿ ನನ್ನ ಕೈ ಹಿಡಿದು, “ನನ್ನ ಪುಸ್ತಕದಲ್ಲಿ ಏನು ಬರೆದಿರುತ್ತೋ” ಅಂದರು. ಅವರ ಅಪ್ಪ ಅವರನ್ನು ಹೇಗೆ ಬೆಳೆಸಿದ್ದರೆಂದು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅವತ್ತು ಕೇಳಿದೆ. ಬೆಳಗಿನ ಜಾವದವರೆಗೂ ಹೇಳಿದರು.

ಇದಾದ ಮೇಲೆ ಸಂಡೇ ಸ್ಕೂಲಿನಲ್ಲಿ ಒಂದು ಮಾತನ್ನು ಪೂರ್ತಿ ಬಿಟ್ಟೆ: “ಸುಳ್ಳು ಹೇಳಿದರೆ ದೇವರು ಕಣ್ಣು ಕೀಳ್ತಾನೆ.” ಮಕ್ಕಳನ್ನು ಸುಮ್ಮನಿರಿಸಲು ಹೀಗೆ ಹೇಳುವ ತಾಯಂದಿರಿಗೆ ಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಗದ್ದಲ ಒಂದು ಗಳಿಗೆಯದು, ಆ ದೇವರು ಮಗುವಿನೊಳಗೆ ಐವತ್ತು ವರ್ಷ ಕೂತಿರುತ್ತಾನೆ.

ಇನ್ನು ‘ತಂದೆಯೇ’ ಎಂಬ ಮಾತು ಗಂಟಲಲ್ಲೇ ನಿಲ್ಲುವವರಿಗೆ: ಇವತ್ತೇ ಬರಲೇಬೇಕೆಂದಿಲ್ಲ. ಎಫ್ರಾಯೀಮಿಗೆ, ಅಂದರೆ ತನ್ನ ಜನರಾದ ಇಸ್ರಾಯೇಲರಿಗೆ, ನಡೆದಾಡುವುದನ್ನು ಕಲಿಸಿದೆನು ಎಂದು ಪ್ರವಾದಿ ಹೋಶೇಯನ ಬಾಯಲ್ಲಿ ಹೇಳಿಸುವ ದೇವರು, ತಾಯಿ ಸಂತೈಸುವ ಹಾಗೆ ಸಂತೈಸುವೆನು ಎಂದು ಯೆಶಾಯನಲ್ಲಿ ಹೇಳುತ್ತಾನೆ. ಕೀರ್ತನೆಗಳಲ್ಲಿ ಬಂಡೆಯಿದೆ, ರೆಕ್ಕೆಯಿದೆ, ಕುರುಬನಿದ್ದಾನೆ. ನಾನು ಎರಡು ವರ್ಷ ಪ್ರತಿ ರಾತ್ರಿ “ನನ್ನ ಕುರುಬನೇ” ಎಂದೇ ಪ್ರಾರ್ಥನೆ ಶುರು ಮಾಡಿದೆ, ಕಂಬಳಿ ಹೊದ್ದುಕೊಂಡು.