ಅಪ್ಪಗ ಹೇಳಬ್ಯಾಡ ಅಕ್ಕ

14 ಡಿಸೆಂಬರ್ 2025, ರವಿವಾರ
ಬೀದರ್, ರಾತ್ರಿ 11

ಅಪ್ಪ ಮಲಗಿದ್ದಾರೆ, ಆದರೆ ನಿದ್ದೆ ಹತ್ತಿಲ್ಲ. ಹತ್ತಿದ್ದರೆ ಗೊರಕೆ ಅಡುಗೆಮನೆ ತನಕ ಕೇಳುತ್ತಿತ್ತು. ನಾನು ಶಾಲು ಹೊದ್ದುಕೊಂಡು ಇಲ್ಲಿ ಕೂತು ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಒಂದು ಮಾತು ಸಿಕ್ಕಿಕೊಂಡಿದೆ, ಬರೆಯದೆ ಅದು ಇಳಿಯುವುದಿಲ್ಲ.

ಹೊರಗೆ ಹತ್ತು ಡಿಗ್ರಿ ಅಂತ ಫೋನು ತೋರಿಸುತ್ತಿದೆ. ಬೆಳಗಿನ ಜಾವಕ್ಕೆ ಇನ್ನೂ ಇಳಿಯುತ್ತದೆ. ಬೀದರಿನ ಥಂಡಿ ನಿಮಗೆ ಗೊತ್ತೇ ಇದೆಯಲ್ಲ, ಎತ್ತರದ ಊರು, ಗಾಳಿಗೆ ಅಡ್ಡಿಯಿಲ್ಲ. ಎಳ್ಳಮವಾಸ್ಯೆ ಈ ವಾರವೇ. ಸಜ್ಜಿ ಬೀಸಿಸಿಕೊಂಡು ಬಂದೆ, ಎಳ್ಳು ಹಸನು ಮಾಡಿಟ್ಟೆ. ಬೇರೆ ಹೇಳುವಂಥದ್ದೇನೂ ಇವತ್ತು ನಡೆದಿರಲಿಲ್ಲ, ಸಂಜೆ ಏಳೂವರೆಗೆ ತಮ್ಮ ಶಿವು ಫೋನ್ ಮಾಡುವ ತನಕ.

ಅವನಿರುವ ಕೆನಡಾದ ವಿನಿಪೆಗ್‌ನಲ್ಲಿ ಆಗ ಬೆಳಿಗ್ಗೆ ಎಂಟು. ಅಲ್ಲಿ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಮೊದಲು ಅಪ್ಪನ ಜೊತೆ ಮಾತಾಡಿದ. ಊಟ ಆಯ್ತಾ, ಮೊಣಕಾಲು ಹೆಂಗದ, ಜೋಳ ಹೆಂಗ ಬಂದದ, ಅದೇ ಮಾತುಗಳು. ಆಮೇಲೆ "ಅಕ್ಕಗ ಕೊಡು" ಅಂದ. ನಾನು ಫೋನು ತಗೊಂಡ ಕೂಡಲೇ ದನಿ ಸಣ್ಣದು ಮಾಡಿದ.

"ಸ್ವಲ್ಪ ಹೊರಗ ಹೋಗು ಅಕ್ಕ."

ಅಂಗಳಕ್ಕೆ ಬಂದೆ. ಆಗ ಹೇಳಿದ.

ಶುಕ್ರವಾರ ಕೆಲಸದ ಮೇಲೆ ಬ್ರಾಂಡನ್‌ಗೆ ಹೋಗಿದ್ದನಂತೆ. ವಿನಿಪೆಗ್‌ನಿಂದ ಪಶ್ಚಿಮಕ್ಕೆ ಸುಮಾರು 215 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಬೀದರಿನಿಂದ ಕಲಬುರಗಿಗೆ ಹೋಗಿ ವಾಪಸ್ ಬಂದಷ್ಟು ದೂರ. ಆದರೆ ನಮ್ಮ ದಾರಿಯಲ್ಲಿ ಹುಮನಾಬಾದ್ ಇದೆ, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಅಂಗಡಿಗಳಿವೆ, ಎಲ್ಲಿ ಗಾಡಿ ನಿಂತರೂ ನಾಲ್ಕು ಜನ ಸೇರುತ್ತಾರೆ. ಅಲ್ಲಿ ಬಯಲು, ಬರೀ ಬಯಲು. ವಾಪಸ್ ಹೊರಟಾಗ ರಾತ್ರಿ, ಮೈನಸ್ 29 ಡಿಗ್ರಿ. ಮೇಲೆ ಗಾಳಿ ಬೇರೆ.

ಅವನ ಎಲೆಕ್ಟ್ರಿಕ್ ಕಾರು ಬೇಸಿಗೆಯಲ್ಲಿ ಒಂದು ಸಲ ತುಂಬಿಸಿದರೆ 400 ಕಿಲೋಮೀಟರ್ ಆರಾಮಾಗಿ ಓಡುತ್ತದೆ. ಆ ಥಂಡಿಯಲ್ಲಿ ಹೈವೇ ಮೇಲೆ 220 ಸಿಕ್ಕರೆ ಪುಣ್ಯ. ಅದು ಅವನಿಗೆ ಗೊತ್ತಿತ್ತು. ಅದಕ್ಕೇ ನಡುವೆ ಪೋರ್ಟೇಜ್ ಲಾ ಪ್ರೇರಿ ಅನ್ನೋ ಊರಲ್ಲಿ ಚಾರ್ಜ್ ಮಾಡಿಕೊಂಡು ಹೋಗೋಣ ಅಂತ ಲೆಕ್ಕ ಹಾಕಿದ್ದ. ಅಲ್ಲಿಂದ ಮನೆಗೆ ಇನ್ನೂ 85 ಕಿಲೋಮೀಟರ್. ಆ ಊರು ಮುಟ್ಟಿದಾಗ ಬ್ಯಾಟರಿಯಲ್ಲಿ ನೂರಕ್ಕೆ 27 ಉಳಿದಿತ್ತು. ಎರಡು ಚಾರ್ಜರ್‌ಗಳಲ್ಲಿ ಒಂದು ಕೆಟ್ಟಿತ್ತು. ಇನ್ನೊಂದಕ್ಕೆ ಬೇರೆ ಗಾಡಿ ಹಾಕಿತ್ತು, ಅದರ ಹಿಂದೆ ಇನ್ನೊಂದು ಕಾಯುತ್ತಿತ್ತು.

"ಮತ್ತ ಏನ್ ಮಾಡಿದಿ?"

"ಕುಂತೆ."

"ಹೀಟರ್ ಹಚ್ಚಿದ್ದಿಲ್ಲೇನು?"

ಒಂದು ಕ್ಷಣ ಸುಮ್ಮನಿದ್ದ. "ಬಂದ್ ಮಾಡಿದ್ದೆ ಅಕ್ಕ. ಬರೀ ಸೀಟ್ ಬಿಸಿ ಇಟ್ಕೊಂಡಿದ್ದೆ. ಐವತ್ತು ನಿಮಿಷ. ಕಾಲಿನ ಬೆರಳು ಇದ್ದಾವೋ ಇಲ್ಲೋ ಗೊತ್ತಾಗ್ಲಿಲ್ಲ. ಅಪ್ಪಗ ಹೇಳಬ್ಯಾಡ ಅಕ್ಕ."

ಇಲ್ಲಿಗೆ ನಿಲ್ಲಿಸಿ ಈ ಹೀಟರ್ ವಿಷಯ ಹೇಳಲೇಬೇಕು, ಯಾಕಂದ್ರೆ ಸಂಜೆಯಿಂದ ನನ್ನ ತಲೆಯಲ್ಲಿ ಇದೇ ತಿರುಗುತ್ತಿದೆ. ಪೆಟ್ರೋಲ್ ಗಾಡಿಯಲ್ಲಿ ಬಿಸಿ ಪುಕ್ಕಟೆ. ಎಂಜಿನ್ ಸುಡುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗಿಯೇ ಹೋಗುತ್ತದೆ. ಅದರಲ್ಲಿ ಸ್ವಲ್ಪ ಒಳಗೆ ತಿರುಗಿಸಿಕೊಂಡರೆ ಸಾಕು, ಮೈ ಬೆಚ್ಚಗಾಗುತ್ತದೆ. ಎಲೆಕ್ಟ್ರಿಕ್ ಗಾಡಿಯ ಮೋಟಾರು ಹಾಗೆ ಪೋಲು ಮಾಡುವುದಿಲ್ಲ. ಅದು ಅದರ ಗುಣ, ನಾನು ಮಕ್ಕಳಿಗೆ ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳುವ ಗುಣ. ಆದರೆ ಮೈನಸ್ 29ರಲ್ಲಿ ಅದೇ ಗುಣ ಮನುಷ್ಯನನ್ನು ಥಂಡಿಯಲ್ಲಿ ಕೂರಿಸುತ್ತದೆ. ಒಳಗೆ ಬೆಚ್ಚಗೆ ಬೇಕಂದ್ರೆ ಬ್ಯಾಟರಿಯಿಂದಲೇ ತೆಗೆಯಬೇಕು. ಹೀಟರ್ ಮೂರು ನಾಲ್ಕು ಕಿಲೋವ್ಯಾಟ್ ಎಳೆಯುತ್ತದೆ. ಹೊರಗಿನ ಗಾಳಿಯಿಂದಲೇ ಶಾಖ ಎಳೆದು ಒಳಗೆ ತರುವ ಹೀಟ್ ಪಂಪ್ ಅವನ ಗಾಡಿಯಲ್ಲಿ ಇದೆ. ಆದರೆ ಅಷ್ಟು ಥಂಡಿಯಲ್ಲಿ ಹೊರಗಿನ ಗಾಳಿಯಲ್ಲಿ ಎಳೆಯೋಕೆ ಏನು ಉಳಿದಿರುತ್ತದೆ? ಸೀಟು ಬಿಸಿ ಮಾಡೋಕೆ ಒಂದು ಹಳೇ ಬಲ್ಬಿನಷ್ಟು ಕರೆಂಟು ಸಾಕು. ಅದಕ್ಕೇ ಅವನು ಸೀಟು ಇಟ್ಟುಕೊಂಡ, ಹೀಟರ್ ಬಿಟ್ಟ. ಬೆನ್ನು ಬೆಚ್ಚಗೆ, ಕಾಲು ಮರಗಟ್ಟಿದವು. ಹೀಟರ್ ಹಚ್ಚಿದ್ದರೆ ಮನೆ ಮುಟ್ಟುವ ದೂರದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಕರಗುತ್ತಿತ್ತು.

ಅವನ ಪಾಳಿ ಬಂದು ಪ್ಲಗ್ ಹಾಕಿದ ಮೇಲೂ ಸಂಕಟ ಮುಗಿಯಲಿಲ್ಲ. ಚಾರ್ಜ್ ಏರಲೇ ಇಲ್ಲವಂತೆ. ಅಷ್ಟು ಹೊತ್ತು ನಿಂತು ನಿಂತು ಬ್ಯಾಟರಿ ತಣ್ಣಗಾಗಿಬಿಟ್ಟಿತ್ತು. ಮೊದಲ ಇಪ್ಪತ್ತು ನಿಮಿಷ ಬಂದ ಕರೆಂಟೆಲ್ಲ ಬ್ಯಾಟರಿಯನ್ನು ಬಿಸಿ ಮಾಡುವುದಕ್ಕೇ ಹೋಯಿತು. ನಮ್ಮ ಬಚ್ಚಲಮನೆಯ ಕೊಬ್ಬರಿ ಎಣ್ಣೆ ಬಾಟಲಿ ಈ ವಾರ ಗಟ್ಟಿಯಾಗಿ ಕೂತಿದೆ, ತಿಕ್ಕಿ ತಿಕ್ಕಿ ತೆಗೆಯಬೇಕು. ಬ್ಯಾಟರಿಯೊಳಗಿನ ದ್ರವ ಹಾಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಮಂದವಾಗುತ್ತದೆ. ಲಿಥಿಯಂ ಕಣಗಳು ಓಡಾಡುವುದು ನಿಧಾನವಾಗುತ್ತದೆ. ಆಗ ಜೋರಾಗಿ ಕರೆಂಟು ತುರುಕಿದರೆ ಅವು ತಾವು ಸೇರಬೇಕಾದ ಗ್ರಾಫೈಟ್ ಪದರದ ಒಳಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂತುಬಿಡುತ್ತವೆ. ಕೂತದ್ದು ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೇ ಗಾಡಿ ತಾನೇ ತಡೆಯುತ್ತದೆ, ಮೊದಲು ಬಿಸಿಯಾಗು, ಆಮೇಲೆ ಕುಡಿ ಅಂತ. ಗಾಡಿಯ ಮ್ಯಾಪಿನಲ್ಲಿ ಚಾರ್ಜರ್‌ನ ಜಾಗ ಹಾಕಿಕೊಂಡು ಹೊರಟಿದ್ದರೆ ದಾರಿಯಲ್ಲೇ ಬ್ಯಾಟರಿ ಬಿಸಿ ಮಾಡಿಕೊಳ್ಳುತ್ತಿತ್ತಂತೆ. ಗೊತ್ತಿರೋ ದಾರಿ ಅಂತ ಅವನು ಹಾಕಿರಲಿಲ್ಲ. ಹಾಕಿದ್ದರೂ ಐವತ್ತು ನಿಮಿಷ ಕಾದ ಮೇಲೆ ಎಷ್ಟು ಬಿಸಿ ಉಳಿಯುತ್ತಿತ್ತೋ.

ಮನೆ ಮುಟ್ಟಿದಾಗ ರಾತ್ರಿ ಎರಡು.

ನಾನು ಬೈಯಲಿಲ್ಲ. ಬೈಯಬೇಕು ಅಂತ ಬಾಯಿಗೆ ಬಂತು. "ಪೆಟ್ರೋಲ್ ಗಾಡಿ ತಗೋಬಾರದಿತ್ತಾ" ಅಂತ ಕೇಳಿಬಿಡುತ್ತಿದ್ದೆ. ಆದರೆ ಎಲೆಕ್ಟ್ರಿಕ್ ತಗೋ ಅಂತ ಅವನ ಹಿಂದೆ ಬಿದ್ದವಳು ನಾನೇ. ಕಳೆದ ವರ್ಷ ನಾನು ನನ್ನ ಗಾಡಿ ತಗೊಂಡ ಮೇಲೆ ವಾರಕ್ಕೊಂದು ಸಲ ಹೇಳುತ್ತಿದ್ದೆ. ನಾರ್ವೆ ನೋಡು, 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಎಲೆಕ್ಟ್ರಿಕ್, ಅವರಿಗೇನು ಥಂಡಿ ಇಲ್ವಾ ಅಂತ. ಆ ಮಾತು ನಿಜ, ಇವತ್ತಿಗೂ ನಿಜ. ಆದರೆ ಅಲ್ಲಿ ದಾರಿಯುದ್ದಕ್ಕೂ ಚಾರ್ಜರ್‌ಗಳಿವೆ. ಗಾಡಿ ಒಳ್ಳೇದಿದ್ದರೆ ಸಾಲದು, ದಾರಿಯೂ ಒಳ್ಳೇದಿರಬೇಕು. ಅದನ್ನು ನಾನು ಅವನಿಗೆ ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಅವ ಏನಂದ?"

"ಏನಿಲ್ಲ. ಥಂಡಿ ಭಾಳ ಅದ ಅಂದ."

"ಅಂಥ ಥಂಡ್ಯಾಗ ಬ್ಯಾಟರಿ ಗಾಡಿ ಹ್ಯಾಂಗ ನಡೀತದ?"

ಅಪ್ಪನಿಗೆ ಬ್ಯಾಟರಿ ಅಂದರೆ ಇವತ್ತಿಗೂ ಟ್ರಾಕ್ಟರ್ ಬ್ಯಾಟರಿಯೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಜನವಾಡದ ಮನೆಯ ಮುಂದೆ ಹಳೇ ಟ್ರಾಕ್ಟರ್ ಇತ್ತು. ಈ ತಿಂಗಳು ಬಂತಂದ್ರೆ ಬೆಳಿಗ್ಗೆ ಅದು ಏಳುತ್ತಲೇ ಇರಲಿಲ್ಲ. ಸೆಲ್ಫ್ ಹೊಡೆದರೆ ಮುದುಕರು ಕೆಮ್ಮಿದ ಹಾಗೆ ಎರಡು ಸಲ ಗೊರಗೊರ ಅಂದು ಸುಮ್ಮನಾಗುತ್ತಿತ್ತು. ಅದಕ್ಕೆ ಅಪ್ಪ ರಾತ್ರಿಯೇ ಪಾನಾ ತಗೊಂಡು ಬ್ಯಾಟರಿ ಬಿಚ್ಚುತ್ತಿದ್ದರು. ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ನಡುಮನೆಗೆ ತರುತ್ತಿದ್ದರು. ಗೋಡೆ ಮೂಲೆಯಲ್ಲಿ ಗೋಣಿ ಚೀಲ ಹಾಸಿ ಇಡುತ್ತಿದ್ದರು, ಮೇಲೊಂದು ಗೋಣಿ ಚೀಲ ಹೊದಿಸುತ್ತಿದ್ದರು. ನಾನು, ಶಿವು, ಅವ್ವ, ಬ್ಯಾಟರಿ, ಎಲ್ಲರೂ ಒಂದೇ ಕೋಣೆ. ಅಪ್ಪನ ಧೋತರದಲ್ಲಿ ಆಸಿಡ್ ಬಿದ್ದು ಕಡಲೆಕಾಳಿನಷ್ಟು ಸಣ್ಣ ಸಣ್ಣ ತೂತು. ಅವ್ವ ಒಗೆಯುವಾಗ ಒಂದೊಂದು ತೂತಿಗೂ ಒಂದೊಂದು ಮಾತು ಅನ್ನುತ್ತಿದ್ದಳು. ಬೆಳಿಗ್ಗೆ ಅದನ್ನು ವಾಪಸ್ ಕೂರಿಸಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಟ್ರಾಕ್ಟರ್ ಎದ್ದುಬಿಡುತ್ತಿತ್ತು. ಆಗ ಅಪ್ಪನ ಮುಖ ನೋಡಬೇಕಿತ್ತು.

ಅದನ್ನೇ ಹಿಡಿದು ಅಪ್ಪನಿಗೆ ಹೇಳಿದೆ. "ನೀ ಬ್ಯಾಟರಿ ಮನ್ಯಾಗ ತಂದಿಡ್ತಿದ್ದಿ ನೋಡು, ಅವನ ಗಾಡಿ ಹಂಗೇ ತಾನೇ ಬೆಚ್ಚಗ ಮಾಡ್ಕೋತದ. ರಾತ್ರಿ ಪ್ಲಗ್ ಹಾಕಿರ್ತಾನ. ಮುಂಜಾನೆ ಹೊರಡೋಕಿಂತ ಮೊದಲ ಫೋನಿನಾಗ ಒತ್ತಿದ್ರ ಬ್ಯಾಟರೀನೂ ಬಿಸಿ, ಒಳಗ ಕುಂಡ್ರೋದೂ ಬಿಸಿ. ಗೋಡಿ ಕರೆಂಟು ಖರ್ಚಾಗ್ತದ, ಬ್ಯಾಟರಿದಲ್ಲ. ಅಲ್ಲಿ ಪೆಟ್ರೋಲ್ ಗಾಡಿಗೂ ಪ್ಲಗ್ ಹಾಕ್ತಾರ ಅಪ್ಪ. ಎಂಜಿನ್ ಬಿಸಿ ಇಡೋ ಸಲುವಾಗಿ. ಪಾರ್ಕಿಂಗ್‌ನಾಗ ಗಾಡಿಗೊಂದು ಪ್ಲಗ್ ಇರೋ ಕಂಬ ನಿಲ್ಸ್ಯಾರ, ಎಷ್ಟೋ ವರ್ಷದಿಂದ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಪೆಟ್ರೋಲ್ ಗಾಡಿಗೂ?"

"ಹೌದು."

ಅವರಿಗೆ ಅದು ಬಹಳ ಸೇರಿತು. ತಲೆ ಅಲ್ಲಾಡಿಸಿದರು. ಇನ್ನೊಂದು ತುತ್ತು ಪುಂಡಿಪಲ್ಯ ತಗೊಂಡರು. ಆಮೇಲೆ ನಿಧಾನಕ್ಕೆ ಕೇಳಿದರು.

"ಮನಿಯಾಗ ಸರಿ. ದಾರ್ಯಾಗ?"

ನನಗೆ ಉತ್ತರ ಬರಲಿಲ್ಲ. "ದಾರ್ಯಾಗೂ ಅವ" ಅಂದೆ. ಸುಳ್ಳಲ್ಲ. ಆದರೆ ನಿಜವೂ ಪೂರ್ತಿ ಅಲ್ಲ. ಅಪ್ಪ ನನ್ನ ಮುಖ ನೋಡಲಿಲ್ಲ, ತಾಟು ನೋಡುತ್ತಾ ಕೂತರು. ನನಗೆ ಅದು ಮುಖ ನೋಡಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಇವತ್ತು ಬೆಳಿಗ್ಗೆ ಹೊಲಕ್ಕೆ ನನ್ನ ಗಾಡಿಯಲ್ಲೇ ಹೋಗಿದ್ದೆವು. ಕಡಲೆ ಗಿಡದ ಮೇಲೆ ಇಬ್ಬನಿ ಇತ್ತು. ಅಪ್ಪ ಎಲೆ ಮುಟ್ಟಿ ಬೆರಳು ನೆಕ್ಕಿ "ಹುಳಿ ಛಂದ ಬಂದದ" ಅಂದರು. ಜೋಳ ಸೊಂಟ ದಾಟಿದೆ. ವಾಪಸ್ ಬರುವಾಗ ಒಂದು ಗಮನಿಸಿದೆ. ಪೆಡಲ್‌ನಿಂದ ಕಾಲು ತೆಗೆದರೆ ಗಾಡಿ ದಿನಾ ಬ್ರೇಕ್ ಒತ್ತಿದ ಹಾಗೆ ತಾನೇ ಹಿಡಿಯುತ್ತಿತ್ತು, ಆ ಓಟವನ್ನು ಕರೆಂಟು ಮಾಡಿ ಬ್ಯಾಟರಿಗೆ ವಾಪಸ್ ಹಾಕುತ್ತಿತ್ತು. ಇವತ್ತು ಹಿಡಿತ ಸಡಿಲ. ರಾತ್ರಿಯಿಡೀ ತುಂಬಿಸಿದ್ದೆ, ಮೇಲೆ ತಣ್ಣಗೂ ಇತ್ತು. ತುಂಬಿದ ಬ್ಯಾಟರಿಯೂ ತಣ್ಣನೆಯ ಬ್ಯಾಟರಿಯೂ ವಾಪಸ್ ಬಂದದ್ದನ್ನು ಸುಲಭಕ್ಕೆ ತಗೊಳ್ಳೋದಿಲ್ಲ. ನಮ್ಮ ಒಂಬತ್ತು ಹತ್ತು ಡಿಗ್ರಿಗೇ ಇಷ್ಟು. ಹಿಮದ ಮೇಲೆ ಓಡಿಸುವ ಅವನಿಗೆ ಆ ಹಿಡಿತ ಇದ್ದಕ್ಕಿದ್ದಂತೆ ಕಡಿಮೆಯಾದರೆ? ಬೆಳಿಗ್ಗೆ ಇದು ತಲೆಗೆ ಬಂದಿರಲಿಲ್ಲ, ಈಗ ಬರುತ್ತಿದೆ.

ಅಂಗಳದಲ್ಲಿ ಅವನಿಗೆ ನನ್ನ ಗಾಡಿಯ ಹಿಡಿತ ಸಡಿಲಾದದ್ದನ್ನು ಹೇಳಿದಾಗ ಅವನು ನನ್ನನ್ನೇ ಸಮಾಧಾನ ಮಾಡಿದ.

"ನನ್ನ ಗಾಡಿಗಿಂತ ನಿನ್ನ ಗಾಡಿನೇ ಜಾಸ್ತಿ ಕಷ್ಟದಾಗ ಅದ ಅಕ್ಕ. ಥಂಡಿ ತಗೊಂಡಿದ್ದು ವಾಪಸ್ ಕೊಡ್ತದ. ಏಪ್ರಿಲ್ ಬರಲಿ, ನನ್ನ 400 ನನಗ ಸಿಗ್ತದ. ನಿಮ್ಮ ಕಲಬುರಗಿ ಬಿಸಲು ತಗೊಂಡಿದ್ದು ವಾಪಸ್ ಕೊಡೂದಿಲ್ಲ."

ಅದು ನಿಜ. ಬ್ಯಾಟರಿಯ ಆಯಸ್ಸು ತಿನ್ನುವುದು ಬಿಸಿಲು. ಥಂಡಿ ಆ ದಿನದ ದೂರವನ್ನಷ್ಟೇ ಕಡಿಮೆ ಮಾಡುತ್ತದೆ. ಕಳೆದ ಬೇಸಿಗೆಯಲ್ಲಿ ಕಲಬುರಗಿಗೆ ಹೋದಾಗ 43 ಡಿಗ್ರಿ ಇತ್ತು. ಚಾರ್ಜಿಗೆ ಹಾಕಿದರೆ ಗಾಡಿಯ ಫ್ಯಾನ್ ಗಿರಣಿ ಓಡಿದ ಹಾಗೆ ಸದ್ದು ಮಾಡುತ್ತಿತ್ತು. ನೆರಳು ಹುಡುಕಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದೆ. ಹಾಗಂತ ಅವನ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ. ನನ್ನ ಗಾಡಿಯ ಆಯಸ್ಸು ಎರಡು ವರ್ಷ ಕಡಿಮೆಯಾದರೆ ಆಗಲಿ. ಕತ್ತಲಲ್ಲಿ ಕಾಲು ಮರಗಟ್ಟಿ ಕೂತದ್ದು ಗಾಡಿ ಅಲ್ಲ, ನನ್ನ ತಮ್ಮ.

ಅವನಿಗೆ ಅಲ್ಲಿ ಯಾರಿದ್ದಾರೆ? ಗೆಳೆಯರಿದ್ದಾರೆ ಅನ್ನುತ್ತಾನೆ. ಶುಕ್ರವಾರ ರಾತ್ರಿ ಯಾರಿಗೂ ಫೋನ್ ಮಾಡಲಿಲ್ಲವಂತೆ. "ಫೋನಿನ ಬ್ಯಾಟರೀನೂ ಥಂಡಿಗೆ ಇಳೀಲತ್ತಿತ್ತು, ಉಳಿಸಿಟ್ಟಿದ್ದೆ" ಅಂದ. ಇದನ್ನು ಫೋನಿನಲ್ಲಿ ಹೇಳುವಾಗ ಎಷ್ಟು ಸಾದಾ ದನಿ ಅವನದು.

ಮಲಗುವ ಮೊದಲು ಅಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಕರೀ ಕಂಬಳಿ, ಅವ್ವ ಇದ್ದಾಗಿನದು. ಬಾಗಿಲ ಹತ್ತಿರದ ಕುರ್ಚಿ ಮೇಲೆ ಇಟ್ಟರು.

"ಗಾಡ್ಯಾಗ ಒಂದು ಕಂಬಳಿ ಇಟ್ಕೊಂಡಾನೇನು ಕೇಳು ಅವಗ."

ನಾನು ಏನೂ ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ. ಅಂಗಳದಲ್ಲಿ ಮಾತಾಡಿದ್ದು ಒಳಗೆ ಕೇಳಿಸಿತಾ, ಇಲ್ಲಾ ನನ್ನ ಮುಖ ಹೇಳಿತಾ? "ಕೇಳ್ತೀನಿ" ಅಂದೆ. ಅವರು ಇನ್ನೂ ಒಂದು ನಿಮಿಷ ಅಲ್ಲೇ ನಿಂತರು. ಏನೋ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ, ಹೋದರು.

ಶಿವುಗೆ ಮೆಸೇಜ್ ಹಾಕಿದ್ದೇನೆ. ಕಂಬಳಿ, ಉಣ್ಣೆ ಕಾಲುಚೀಲ, ಎರಡು ಮೇಣದ ಬತ್ತಿ, ಬೆಂಕಿಪೊಟ್ಟಣ, ತಿನ್ನೋಕೆ ಏನಾದರೂ, ಇಷ್ಟು ಗಾಡಿಯಲ್ಲಿ ಇಡು, ಇವತ್ತೇ ಇಡು ಅಂತ. ಬತ್ತಿ ಹಚ್ಚಿದರೆ ಕಿಟಕಿ ಒಂದು ಬೆರಳು ತೆಗೆದಿಡು ಅಂತಲೂ ಬರೆದೆ. ಅಲ್ಲಿ ಈಗ ಮಧ್ಯಾಹ್ನ ಆಗುತ್ತಾ ಬಂತು. ಇನ್ನೂ ನೋಡಿಲ್ಲ. ರಜೆ ದಿನ, ಮನೆಯಲ್ಲೇ ಇರಬೇಕು. ಹೊರಗೆ ಹೋಗಿದ್ದರೂ ಸಂತೆಗೆ ಹೋಗಿರುತ್ತಾನೆ, ಹತ್ತಿರವೇ ಅಂದಿದ್ದ.

ಅಪ್ಪನ ಕೋಣೆಯಲ್ಲಿ ಮಂಚ ಕಿರ್ ಅಂದಿತು. ಎದ್ದರೇನೋ. ಹೇಳಿಬಿಡಲಾ ಅಂತ